ಓದುವ ಯಂತ್ರಕ್ಕೊಂದು ಕೈಪಿಡಿ

“ದೇಶ ಸುತ್ತು, ಕೋಶ ಓದು” ಎಂಬುದು ನಮ್ಮ ಹಿರಿಯರ ಮಾತು. ಇಂದು ಕೋಶವನ್ನು ನಮ್ಮ ಪರವಾಗಿ ಓದಿ ಹೇಳುವ ಯಂತ್ರಗಳೂ ಬಂದಿವೆ. ಕೃತಕ ಬುದ್ಧಿಮತ್ತೆಯ ‘ಏಜೆಂಟ್’ ಎಂಬ ಈ ಹೊಸ ಸೇವಕನಿಗೆ ಒಂದು ಪ್ರಶ್ನೆಯನ್ನು ಒಪ್ಪಿಸಿದರೆ ಸಾಕು. ಸಂಶೋಧನ ಪ್ರಬಂಧಗಳನ್ನು ತಾನೇ ಹುಡುಕಿ, ಓದಿ, ಸಾರವನ್ನು ಮುಂದಿಡುತ್ತದೆ. ಇದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಇಂಜಿನಿಯರುಗಳ ವಿಷಯ, ಬಿ.ಎ. ಓದುವ ನಮಗೇಕೆ ಎಂದು ಸಹಪಾಠಿಗಳು ಕೇಳಬಹುದು. ನಮಗೇ ಮುಖ್ಯವಾಗಿ ಬೇಕು ಎಂಬುದು ನನ್ನ ವಾದ.

ಏಜೆಂಟು ತಾನೊಂದೇ ಎಲ್ಲವನ್ನೂ ಮಾಡಲಾರದು. ಅದಕ್ಕೆ ಉಪಕರಣಗಳು ಬೇಕು. ಪ್ರಬಂಧವನ್ನು ಹುಡುಕುವುದಕ್ಕೆ ಒಂದು, ಅದರ ಪಠ್ಯವನ್ನು ಬಿಡಿಸಿಕೊಡುವುದಕ್ಕೆ ಮತ್ತೊಂದು. ಗ್ರೋಬಿಡ್ ಎಂಬ ಮುಕ್ತ ತಂತ್ರಾಂಶ ಪಿಡಿಎಫ್ ಪ್ರಬಂಧವೊಂದರ ಶೀರ್ಷಿಕೆ, ಲೇಖಕರು, ಸಾರಾಂಶ, ಗ್ರಂಥಋಣಗಳನ್ನು ಬೇರೆಬೇರೆಯಾಗಿ ವಿಂಗಡಿಸಿಕೊಡುತ್ತದೆ. ಆದರೆ ಯಾವ ಉಪಕರಣವನ್ನು ಯಾವಾಗ ಕೈಗೆತ್ತಿಕೊಳ್ಳಬೇಕೆಂದು ಏಜೆಂಟಿಗೆ ತಿಳಿಯುವ ಬಗೆ ಹೇಗೆ? ಮನುಷ್ಯರು ಓದುವಂಥದೇ ಭಾಷೆಯಲ್ಲಿ ಬರೆದಿಟ್ಟ ವಿವರಣೆಯನ್ನು ಓದಿ! 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಸಂಸ್ಥೆ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಪದ್ಧತಿಯಲ್ಲಿ ಉಪಕರಣದ ಹೆಸರು, ಅದಕ್ಕೆ ಒದಗಿಸಬೇಕಾದ ಮಾಹಿತಿ, ಅದು ಮಾಡುವ ಕೆಲಸ ಇವನ್ನು ಬರೆದು ತಿಳಿಸುವ ಏರ್ಪಾಡಿದೆ. ಬರವಣಿಗೆ ತಪ್ಪಿದರೆ ಯಂತ್ರವೂ ದಾರಿ ತಪ್ಪುತ್ತದೆ.

ಕೈಪಿಡಿಯ ಬೆಲೆಯನ್ನು ನಾನು ಮೊದಲು ಅರಿತದ್ದು ಮನೆಯಲ್ಲಿ. ನನ್ನ ತಂದೆಯವರು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಅಲ್ಲಿಗೆ ಹೊಸ ಯಂತ್ರ ಬಂದಾಗ ಜೊತೆಯಲ್ಲಿ ಬಂದ ದಪ್ಪ ಇಂಗ್ಲಿಷ್ ಪುಸ್ತಕ ಬೀರುವಿನಲ್ಲೇ ಉಳಿಯಿತಂತೆ. ಹಿರಿಯ ಫಿಟ್ಟರೊಬ್ಬರು ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಹತ್ತು ಸಾಲು ಬರೆದು ಯಂತ್ರದ ಪಕ್ಕದಲ್ಲಿ ತೂಗುಹಾಕಿದರು. “ಅದರಲ್ಲಿ ಕೊನೇ ಸಾಲೇ ಮುಖ್ಯ ಕಣಮ್ಮ. ಈ ಮಿಷನ್‌ಗೆ ಯಾವ ಕೆಲಸ ಹಾಕಬಾರದು ಅಂತ ಬರೆದಿದ್ರು” ಎಂದು ತಂದೆಯವರು ಇಂದಿಗೂ ನೆನೆಯುತ್ತಾರೆ.

ಅಂಥ ಕೊನೆಯ ಸಾಲು ಇಲ್ಲದಿದ್ದರೆ ಏನಾಗುವುದೆಂದು ಕಳೆದ ವರ್ಷ ನಾನೇ ಕಂಡೆ. ಇತಿಹಾಸದ ಅಸೈನ್‌ಮೆಂಟಿಗೆ ಬೇಗೂರಿನ ಶಾಸನವನ್ನು ಆರಿಸಿಕೊಂಡಿದ್ದೆ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಆ ಊರಿನ ನಾಗೇಶ್ವರ ದೇವಾಲಯದಲ್ಲಿ, ‘ಬೆಂಗಳೂರು’ ಎಂಬ ಹೆಸರನ್ನುಳ್ಳ, ಕ್ರಿ.ಶ. 890ರ ಸುಮಾರಿನ ಶಾಸನವಿದೆ. ಅದನ್ನು ಕುರಿತ ಕನ್ನಡ ಲೇಖನಗಳ ಪಿಡಿಎಫ್‌ಗಳನ್ನು ಒಂದು ಏಜೆಂಟಿಗೆ ಒಪ್ಪಿಸಿದೆ. ಅವುಗಳಲ್ಲಿ ವಿಷಯಕ್ಕೆ ಸಂಬಂಧಿಸಿದ್ದೇನೂ ಇಲ್ಲವೆಂದು ಅದು ನಿಸ್ಸಂಕೋಚವಾಗಿ ಉತ್ತರಿಸಿತು! ವಿಚಾರಿಸಲಾಗಿ ಕಾರಣ ತಿಳಿಯಿತು. ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಪುಟ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತ. ಯೂನಿಕೋಡಿಗೆ ಪರಿವರ್ತಿಸದ ಹೊರತು ಉಪಕರಣಕ್ಕೆ ದೊರೆಯುವುದು ಅರ್ಥವಿಲ್ಲದ ಅಕ್ಷರರಾಶಿ. ಸ್ಕ್ಯಾನ್ ಮಾಡಿದ ಪುಟವಂತೂ ಬರಿಯ ಚಿತ್ರ. ಅಕ್ಷರಗಳನ್ನು ಗುರುತಿಸುವ ಬೇರೆ ವ್ಯವಸ್ಥೆ ಬೇಕು. ಆ ಉಪಕರಣದ ಕೈಪಿಡಿಯಲ್ಲಾದರೋ ಪಿಡಿಎಫ್‌ಗಳನ್ನು ಓದುತ್ತದೆಂದಷ್ಟೇ ಬರೆದಿತ್ತು.

‘ನನಗೆ ಓದಲಾಗಲಿಲ್ಲ’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ಅಜಗಜಾಂತರ. ಇದನ್ನು ತಿದ್ದದೆ ಬಿಟ್ಟರೆ, ಯಂತ್ರದ ಮಾತನ್ನೇ ನಂಬುವ ಮುಂದಿನವರ ಪಾಲಿಗೆ ನಮ್ಮ ವಿದ್ವಾಂಸರ ಹಲವು ದಶಕಗಳ ದುಡಿಮೆ ಹುಟ್ಟೇ ಇರಲಿಲ್ಲವೆಂದಾದೀತು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. ಅದರಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕೆಗಳು ದೊರೆಯುವ ಏರ್ಪಾಡು. ಬಹಳ ಸಂತೋಷ. ಆದರೆ ಹೊರಗಿನ ಪ್ರಬಂಧಗಳಿಗೆ ಬಾಗಿಲು ತೆರೆಯುವಾಗ ಮನೆಯ ಪ್ರಬಂಧಗಳು ಕತ್ತಲೆಯಲ್ಲಿ ಉಳಿಯಬೇಕೆ?

ಕೈಪಿಡಿಯನ್ನು ಯಂತ್ರವೇ ಬರೆದುಕೊಳ್ಳಲಿ ಎನ್ನುವವರುಂಟು. ತಾನು ಮಾಡುವ ಕೆಲಸವನ್ನು ಅದು ಬರೆದೀತು; ತನ್ನ ಕಣ್ಣಿಗೆ ಬೀಳದೆ ಹೋದದ್ದನ್ನು ಹೇಗೆ ಬರೆದೀತು? ಪುಟವನ್ನು ಸ್ವತಃ ಓದಿದವನೇ ಅದನ್ನು ಹೇಳಬಲ್ಲ. ಶಾಸನದ ಪಾಠ, ಹಳೆಯ ಲಿಪಿ, ಅಡಿಟಿಪ್ಪಣಿ ಇವನ್ನು ಬಲ್ಲವರು ಕಲಾ ವಿಭಾಗದವರಲ್ಲದೆ ಮತ್ತಾರು?

ಆದ್ದರಿಂದ ನನ್ನದೊಂದು ಸೂಚನೆ. ಕನ್ನಡ, ಇತಿಹಾಸ ವಿದ್ಯಾರ್ಥಿಗಳು ವರ್ಷಕ್ಕೆ ಒಂದೊಂದು ಲೇಖನವನ್ನು ತಾವು ಪೂರ್ತಿ ಓದಿ, ಅನಂತರ ಒಂದು ಉಪಕರಣಕ್ಕೆ ಒಪ್ಪಿಸಲಿ. ಅದು ಏನನ್ನು ಓದಿತು, ಏನನ್ನು ಬಿಟ್ಟಿತು, ಎಲ್ಲಿ ತಪ್ಪು ಹೇಳಿತು ಎಂಬುದನ್ನು ತಿಳಿಗನ್ನಡದಲ್ಲಿ ಬರೆದು ಗ್ರಂಥಾಲಯದಲ್ಲಿ ಇಡಲಿ. ಅದರ ಪ್ರತಿ ಉಪಕರಣ ತಯಾರಿಸಿದವರಿಗೂ ಹೋಗಲಿ. ಅಧ್ಯಾಪಕರು ಇದಕ್ಕೆ ನಾಲ್ಕು ಅಂಕ ಕೊಟ್ಟರೆ ನಮ್ಮ ಉತ್ಸಾಹ ಇಮ್ಮಡಿಸುವುದರಲ್ಲಿ ಸಂದೇಹವಿಲ್ಲ!

ಪೀಣ್ಯದ ಆ ಫಿಟ್ಟರು ಪದವೀಧರರಲ್ಲ. ಆದರೂ ತಾವು ಅರಿತದ್ದನ್ನು ಪಕ್ಕದವನಿಗಾಗಿ ಬರೆದಿಟ್ಟರು. ಪದವಿ ಪಡೆಯಲಿರುವ ನಾವು ಅಷ್ಟನ್ನಾದರೂ ಮಾಡಬಾರದೆ?