ಅಚ್ಚರಿ ಯಾರದು? ಅಲ್ಬೇನಿಯಾ ಮತ್ತು ಪ್ರವಾಸಿಯ ಕಣ್ಣು

ಪ್ರವಾಸ ಕಥನವೊಂದನ್ನು ಓದುವಾಗ ಕನ್ನಡ ಐಚ್ಛಿಕದ ವಿದ್ಯಾರ್ಥಿ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು: ಲೇಖಕರು ಬೆರಗಾದದ್ದು ಏತಕ್ಕೆ? ಆ ಬೆರಗು ನೋಡಿದ ನಾಡಿನ ಗುಣವೋ, ನೋಡಿದವರ ಪೂರ್ವಗ್ರಹದ ಅಳತೆಯೋ? ನಮ್ಮವರು ಹೆಚ್ಚಾಗಿ ಹೋಗದ ಒಂದು ಕರಾವಳಿ ದೇಶವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬಹುದು.

ಗ್ರೀಸಿನ ಉತ್ತರಕ್ಕೆ, ಆಡ್ರಿಯಾಟಿಕ್ ಮತ್ತು ಅಯೋನಿಯನ್ ಕಡಲುಗಳ ದಂಡೆಯಲ್ಲಿ ಅಲ್ಬೇನಿಯಾ ಇದೆ. ಅಲ್ಲಿಗೆ ಹೋದವರಿಗೆ ಮೊದಲ ಅಚ್ಚರಿ ಹೆಸರಿನಲ್ಲೇ ಕಾದಿರುತ್ತದೆ. ಅಲ್ಬೇನಿಯಾ ಎಂಬುದು ಹೊರಗಿನವರು ಕರೆಯುವ ಹೆಸರು. ಅಲ್ಲಿನ ಜನ ತಮ್ಮ ನಾಡನ್ನು ‘ಶ್ಚಿಪರಿ’ ಎನ್ನುತ್ತಾರೆ. ಅವರ ನುಡಿಯಲ್ಲಿ ‘ಪೋ’ ಎಂದರೆ ‘ಹೌದು’. ತುಳು, ಮಲಯಾಳಗಳ ನಡುವೆ ಬೆಳೆದ ನಮ್ಮ ಕಿವಿಗೆ ಅದು ‘ಹೋಗು’ ಎಂದೇ ಕೇಳಿಸೀತು! ಒಪ್ಪಿಗೆ ಸೂಚಿಸಲು ತಲೆಯನ್ನು ಅಡ್ಡಕ್ಕೆ ಆಡಿಸುವ ರೂಢಿಯೂ ಅಲ್ಲಿ ಉಂಟು. ಹೊಲ, ಬೆಟ್ಟ, ಕಡಲತೀರಗಳಲ್ಲೆಲ್ಲ ಅಣಬೆಗಳಂತೆ ಎದ್ದುನಿಂತ ಕಾಂಕ್ರೀಟ್ ಬಂಕರುಗಳು ಕಾಣುತ್ತವೆ. ಮಸೀದಿಯೂ ಚರ್ಚೂ ಒಂದೇ ಬೀದಿಯಲ್ಲಿವೆ. ಸಂಜೆಯಾದೊಡನೆ ಊರಿಗೆ ಊರೇ ಬೀದಿಗಿಳಿದು ನಿಧಾನವಾಗಿ ನಡೆದಾಡುತ್ತದೆ. ಅದಕ್ಕೆ ‘ಜಿರೋ’ ಎಂದು ಹೆಸರು.

ಪ್ರವಾಸಿ ಇಷ್ಟನ್ನು ಬರೆದು ನಿಲ್ಲಿಸಿದರೆ ಓದುಗನಿಗೆ ವಿಚಿತ್ರಗಳ ಪಟ್ಟಿಯೊಂದು ದೊರೆಯುತ್ತದೆಯೇ ಹೊರತು ನಾಡು ದೊರೆಯುವುದಿಲ್ಲ. ಬಂಕರುಗಳ ಹಿಂದೆ ಒಂದು ಭೀತಿಯ ಚರಿತ್ರೆಯಿದೆ. 1944ರಿಂದ 1985ರವರೆಗೆ ದೇಶವನ್ನಾಳಿದ ಎನ್ವರ್ ಹೋಜಾ 1948ರಲ್ಲಿ ಯುಗೊಸ್ಲಾವಿಯದೊಡನೆ, 1961ರಲ್ಲಿ ಸೋವಿಯತ್ ಒಕ್ಕೂಟದೊಡನೆ, 1978ರಲ್ಲಿ ಚೀನಾದೊಡನೆ ಸಂಬಂಧ ಕಡಿದುಕೊಂಡ. ಎಲ್ಲ ದಿಕ್ಕಿನಿಂದಲೂ ಶತ್ರು ಬರುತ್ತಾನೆಂಬ ಕಲ್ಪನೆಯೇ ಆ ಗುಮ್ಮಟಗಳನ್ನು ಕಟ್ಟಿಸಿತು. ಶತ್ರು ಬರಲೇ ಇಲ್ಲ. ಸರಾಂದಾ ಪಟ್ಟಣದಿಂದ ಗ್ರೀಸಿನ ಕಾರ್ಫು ದ್ವೀಪ ಕಣ್ಣಿಗೆ ಕಾಣುವಷ್ಟು ಹತ್ತಿರ. ಈಜಿ ಅದನ್ನು ಸೇರಲೆತ್ನಿಸಿದವರು ಗುಂಡಿಗೆ ಬಲಿಯಾದದ್ದುಂಟು. ಇಂದು ಪ್ರವಾಸಿ ಮೈಯೊಡ್ಡಿ ಮಲಗುವ ತೀರ ಅಂದು ಜನರ ಪಾಲಿಗೆ ಗೋಡೆಯಾಗಿತ್ತು. ಒಂದೇ ಬೀದಿಯ ಮಸೀದಿ, ಚರ್ಚುಗಳೂ ಹಾಗೆಯೇ: 1967ರಲ್ಲಿ ಎಲ್ಲ ಪೂಜಾಸ್ಥಳಗಳನ್ನೂ ಮುಚ್ಚಲಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಗಿಲು ತೆರೆಯದ ಆ ಕಟ್ಟಡಗಳನ್ನು ಕೇವಲ ಸೌಹಾರ್ದದ ಚಿತ್ರವಾಗಿ ನೋಡುವುದು ಅರ್ಧ ಓದು.

ಗಡಿನಾಡಿನ ನಮಗೆ ಇನ್ನೂ ಆಳವಾಗಿ ತಟ್ಟುವ ಸಂಗತಿ ಅವರ ನುಡಿಯದು. ಅಲ್ಬೇನಿಯನ್ ನುಡಿಯನ್ನು ಹಿಂದೆ ಅರಬ್ಬಿ, ಗ್ರೀಕ್, ಲ್ಯಾಟಿನ್ ಲಿಪಿಗಳಲ್ಲಿ ಬರೆಯುತ್ತಿದ್ದರು. 1908ರ ನವೆಂಬರಿನಲ್ಲಿ ಮನಸ್ತೀರ್ ಎಂಬ ಊರಿನಲ್ಲಿ ಸಮ್ಮೇಳನ ನಡೆಸಿ ಲ್ಯಾಟಿನ್ ಮೂಲದ ವರ್ಣಮಾಲೆಯನ್ನು ನೆಲೆಗೊಳಿಸಿದರು. ಸ್ವಾತಂತ್ರ್ಯ ಘೋಷಣೆಯಾದದ್ದು 1912ರಲ್ಲಿ. ದೇಶಕ್ಕಿಂತ ಮೊದಲು ಅಕ್ಷರ ಬಂದಿತು. ಆ ಮನಸ್ತೀರ್ ಇಂದು ಅಲ್ಬೇನಿಯಾದಲ್ಲಿಲ್ಲ; ಬಿತೋಲಾ ಎಂಬ ಹೆಸರಿನಲ್ಲಿ ಉತ್ತರ ಮ್ಯಾಸಿಡೋನಿಯಾದಲ್ಲಿದೆ. ಕಡಲಾಚೆಯ ದಕ್ಷಿಣ ಇಟಲಿಯಲ್ಲಿ ಹದಿನೈದನೆಯ ಶತಮಾನದಿಂದ ನೆಲೆಸಿದ ಅರ್ಬರೇಶ್ ಜನ ಇಂದಿಗೂ ಅದೇ ನುಡಿಯ ಹಳೆಯ ರೂಪವೊಂದನ್ನು ಆಡುತ್ತಾರೆ. ಇಟಲಿ ತನ್ನ 1999ರ ಕಾಯಿದೆಯಲ್ಲಿ ಆ ನುಡಿಗೆ ಮಾನ್ಯತೆ ನೀಡಿದೆ. ನುಡಿಯ ಎಲ್ಲೆಯೂ ನಾಡಿನ ಎಲ್ಲೆಯೂ ಒಂದೇ ಎಂದು ನಂಬಿ ಹೋದವರಿಗೆ ಮಾತ್ರ ಇವೆಲ್ಲ ಅಚ್ಚರಿ.

ಈ ಮಾತಿನ ಮರ್ಮ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಇದ್ದಲ್ಲೇ ಉಳಿಯಿತು. ಆದರೂ ಹೊರಗಿನಿಂದ ಬಂದ ಅತಿಥಿಗಳು “ಇಲ್ಲೂ ಇಷ್ಟು ಒಳ್ಳೆಯ ಕನ್ನಡವೇ!” ಎಂದು ಉದ್ಗರಿಸುವುದನ್ನು ನಾವು ಕೇಳುತ್ತಲೇ ಇದ್ದೇವೆ. ಹೊಗಳಿಕೆಯ ಧಾಟಿಯಲ್ಲಿರುವ ಈ ಮಾತು ನಮ್ಮನ್ನು ನಮ್ಮದೇ ಮನೆಯಲ್ಲಿ ಪ್ರದರ್ಶನದ ವಸ್ತುಗಳನ್ನಾಗಿಸುತ್ತದೆ. ಅಚ್ಚರಿಗೆ ಒಳಗಾದವರ ನೋವನ್ನು ಬಲ್ಲ ನಾವು, ಪ್ರವಾಸಿಗಳಾದಾಗ ಅದನ್ನೇ ಇತರರ ಮೇಲೆ ಹೇರಬಾರದು.

ಬೆರಗಿಲ್ಲದ ಪ್ರವಾಸ ಕಥನ ನೀರಸವಾಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ, ಕುತೂಹಲವಿಲ್ಲದೆ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ಬೆರಗನ್ನು ಬಿಡಬೇಕೆಂದು ನಾನು ವಾದಿಸುತ್ತಿಲ್ಲ. ಅದು ಹುಟ್ಟಿದೊಡನೆ ‘ಇದು ಹೀಗೇಕೆ?’ ಎಂದು ಕೇಳುವ ತಾಳ್ಮೆ ಬೇಕು. ‘ನನಗೇಕೆ ಇದು ತಿಳಿದಿರಲಿಲ್ಲ?’ ಎಂದು ಕೇಳಿಕೊಳ್ಳುವ ವಿನಯವೂ ಬೇಕು. ಮೊದಲನೆಯದು ಚರಿತ್ರೆಯ ಕಡೆಗೂ ಎರಡನೆಯದು ಆತ್ಮವಿಮರ್ಶೆಯ ಕಡೆಗೂ ಒಯ್ಯುತ್ತದೆ. ಒಳ್ಳೆಯ ಪ್ರವಾಸ ಸಾಹಿತ್ಯಕ್ಕೆ ಎರಡೂ ಅಗತ್ಯ.

ವಿದ್ಯಾರ್ಥಿಗಳು ಈ ವರ್ಷ ಪ್ರವಾಸ ಲೇಖನ ಬರೆಯುವಾಗ ಒಂದು ನಿಯಮವನ್ನು ಪಾಲಿಸಿ ನೋಡಲಿ: ‘ಅಚ್ಚರಿ’ ಎಂಬ ಪದ ಬಂದಲ್ಲೆಲ್ಲ ಅದರ ಮುಂದಿನ ವಾಕ್ಯದಲ್ಲಿ ಕಾರಣವಿರಲಿ. ಕಾರಣ ಸಿಗದಿದ್ದರೆ ಆ ಊರಿನವರನ್ನು ಕೇಳಲಿ, ಸಾಧ್ಯವಾದರೆ ಅವರದೇ ನುಡಿಯ ನಾಲ್ಕು ಮಾತು ಕಲಿತು.