ಕಲೆ ಯಂತ್ರದ್ದು, ದಂಡ ಆಳಿನದು

ಬಟ್ಟೆ ಒಣಗಿಸುವ ಯಂತ್ರವೊಂದನ್ನು ಕುರಿತು ನಾವು ಈ ಅಂಕಣವನ್ನು ಮೀಸಲಿಡುವುದನ್ನು ಕಂಡು ಕೆಲವು ವಾಚಕರು ನಗಬಹುದು. ಪತ್ರಿಕೆಯ ಹೊಣೆ ಹೊರುವುದಕ್ಕೆ ಮೊದಲು ನಾವು ತಾರ್ನಾಕದಲ್ಲಿ ಹೋಟೆಲು ನಡೆಸುತ್ತಿದ್ದವರು, ಎಸ್.ಎಸ್.ಎಲ್.ಸಿ.ಯಿಂದ ಮುಂದಿನ ವಿದ್ಯೆಯನ್ನೆಲ್ಲ ಅಡಿಗೆಮನೆಯಲ್ಲಿಯೂ ಗಲ್ಲಾಪೆಟ್ಟಿಗೆಯ ಬಳಿಯಲ್ಲಿಯೂ ಕಲಿತವರು. ಈ ಯಂತ್ರದ ದೆಸೆಯಿಂದ ಒಬ್ಬ ಬಡ ಹುಡುಗನಿಗೆ ನಮ್ಮ ಕೈಯಿಂದಲೇ ಅನ್ಯಾಯವಾಯಿತು. ಅಂತಹದೇ ಅನ್ಯಾಯವು ಇಂದಿಗೂ ನಮ್ಮವರ ಹೋಟೆಲುಗಳಲ್ಲಿ, ವಸತಿಗೃಹಗಳಲ್ಲಿ ನಡೆಯುತ್ತಿದೆಯೆಂದು ಕೇಳಿಬರುತ್ತಿರುವುದರಿಂದ ಸುಮ್ಮನಿರುವುದು ಸರಿಯಲ್ಲ.

ನಮ್ಮ ಹೋಟೆಲಿನ ಮೇಜುಬಟ್ಟೆ, ಕೈವಸ್ತ್ರ, ಮಾಣಿಗಳ ಅಂಗಿಗಳು ಮೊದಲು ಮಹಡಿಯ ಮೇಲೆ ಬಿಸಿಲಿನಲ್ಲಿ ಒಣಗುತ್ತಿದ್ದವು. ಸುತ್ತಲೂ ಅಂತಸ್ತಿನ ಮೇಲೆ ಅಂತಸ್ತು ಎದ್ದು ಬಿಸಿಲು ತಪ್ಪಿದ ಮೇಲೆ, ಯಾರೋ ಬಳಸಿ ಬಿಟ್ಟ ಡ್ರೈಯರ್ ಒಂದನ್ನು ಕೊಂಡು ತಂದೆವು. ಅದನ್ನು ನೋಡಿಕೊಳ್ಳುವುದಕ್ಕೆ ಬೀದರ ಜಿಲ್ಲೆಯಿಂದ ಬಂದ ಹುಡುಗನೊಬ್ಬನನ್ನು ನೇಮಿಸಿದೆವು. ಕೆಲವು ತಿಂಗಳಲ್ಲಿ ಬಿಳಿಯ ಬಟ್ಟೆಗಳ ಮೇಲೆ ಕಂದುಗಪ್ಪು ಗೀರುಗಳು ಕಾಣಿಸಿಕೊಂಡವು. ನಾವು ಹುಡುಗನ ಕೈಯನ್ನು ನೋಡಿದೆವು, ಕೈ ಶುದ್ಧವಾಗಿತ್ತು. ಆದರೂ ಅವನದೇ ಅಜಾಗರೂಕತೆಯೆಂದು ತೀರ್ಮಾನಿಸಿ, ಹಾಳಾದ ಬಟ್ಟೆಗಳ ಬೆಲೆಯನ್ನು ಮೂರು ತಿಂಗಳು ಅವನ ಸಂಬಳದಲ್ಲಿ ಮುರಿದುಕೊಂಡೆವು. ಮಡಿವಾಳ ಮಾಚಯ್ಯನು ಶರಣರ ಬಟ್ಟೆಗಳನ್ನು ಮಡಿಮಾಡಿದ ಕಲ್ಯಾಣವಿರುವುದು ಆ ಹುಡುಗನ ಜಿಲ್ಲೆಯಲ್ಲಿಯೇ ಎಂಬುದು ಆಗ ನಮ್ಮ ನೆನಪಿಗೆ ಬರಲಿಲ್ಲ.

ಕೊನೆಗೆ ಯಂತ್ರವನ್ನು ಬಿಚ್ಚಿಸಿದ್ದು ಲಾಲಾಗುಡದ ರೈಲ್ವೆ ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರ್ ಒಬ್ಬರಿಂದ. ಅವರು ಬಂದವರೇ ಯಂತ್ರವನ್ನು ಮುಟ್ಟಲಿಲ್ಲ. ಕಲೆಯಾದ ಬಟ್ಟೆಗಳನ್ನು ಕೇಳಿ ತರಿಸಿಕೊಂಡು ನೆಲದ ಮೇಲೆ ಹರಡಿದರು. ಗೀರುಗಳೆಲ್ಲ ಅಂಚುಗಳಲ್ಲಿ, ಮೂಲೆಗಳಲ್ಲಿ, ಮುಂಗವಚದ ದಾರಗಳ ಮೇಲೆ ಮಾತ್ರ ಇದ್ದುದನ್ನು ತೋರಿಸಿದರು. ನಾವು ಮೂರು ತಿಂಗಳು ನೋಡಿಯೂ ಅದನ್ನು ಕಂಡಿರಲಿಲ್ಲ. ಆ ಮೇಲೆ ವಿದ್ಯುತ್ತಿನ ತಂತಿಯನ್ನು ಕಿತ್ತು, ಒದ್ದೆಯಾದ ಬಿಳಿಯ ಚಿಂದಿಯಿಂದ ಡ್ರಮ್ಮಿನ ಒಳಮೈಯನ್ನು ಒರಸಿದರು. ಚಿಂದಿ ಬೆಳ್ಳಗೇ ಉಳಿಯಿತು. ಬಾಗಿಲ ಬಳಿಯ ಸುತ್ತಂಚಿನಲ್ಲಿ ಒರಸಿದಾಗ ಕಪ್ಪಾಗಿ ಬಂದಿತು.

ಸಂಗತಿ ಇಷ್ಟೇ. ಡ್ರಮ್ಮು ತಿರುಗುತ್ತದೆ, ಅದರ ಮುಂದಿನ ಗೋಡೆ ತಿರುಗುವುದಿಲ್ಲ. ಇವೆರಡರ ನಡುವೆ ಫೆಲ್ಟಿನ ಪಟ್ಟಿಯೊಂದು ಬಳೆಯಂತೆ ಸುತ್ತಿಕೊಂಡಿರುತ್ತದೆ. ಡ್ರಮ್ಮು ಜಾರಿ ತಿರುಗಲೆಂದು ಪ್ಲಾಸ್ಟಿಕಿನ ಚಿಕ್ಕ ಬಿಲ್ಲೆಗಳೂ ಇರುತ್ತವೆ. ಇವು ಸವೆದರೆ ಸಂದು ಬೀಳುತ್ತದೆ. ಬಟ್ಟೆಯ ಅಂಚು ಆ ಸಂದಿಗೆ ಸಿಕ್ಕಿ, ಬಿಸಿಯಾದ ಲೋಹಕ್ಕೂ ಹಳೆಯ ನೂಲುಧೂಳಿಗೂ ಉಜ್ಜಿ, ಕಲೆ ಹೊತ್ತು ಹೊರಬರುತ್ತದೆ. ಒದ್ದೆ ಬಟ್ಟೆಯನ್ನು ಮಿತಿಮೀರಿ ತುರುಕಿದಷ್ಟೂ ಭಾರದಿಂದ ಪಟ್ಟಿ ಬೇಗ ಸವೆಯುತ್ತದೆ. ಹಾಗೆ ತುರುಕೆಂದು ಹುಡುಗನಿಗೆ ಆಜ್ಞೆ ಮಾಡಿದವರು ಯಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪಟ್ಟಿಯನ್ನೂ ಬಿಲ್ಲೆಗಳನ್ನೂ ಬದಲಿಸಿ, ಅಂಚನ್ನು ಸಾಬೂನುನೀರಿನಿಂದ ತೊಳೆದು, ಮೊದಲು ಹಳೆಯ ಚಿಂದಿಗಳನ್ನು ಒಣಗಿಸಿ ನೋಡಿದ ಮೇಲೆ ಗೀರುಗಳು ನಿಂತವು.

ಯಂತ್ರದಿಂದ ಬರುವ ಕಲೆಗಳೆಲ್ಲ ಯಂತ್ರದವೇ ಎಂದೂ ಅಲ್ಲ. ಅಲ್ಲಲ್ಲಿ ಕಿತ್ತಳೆಬಣ್ಣದ ಚುಕ್ಕೆಗಳು ಬಿದ್ದರೆ ನೀರನ್ನು ಶಂಕಿಸಬೇಕು. ಕೆಲವು ಕೊಳವೆಬಾವಿಗಳ ನೀರಿನಲ್ಲಿ ಕಬ್ಬಿಣವು ಕಣ್ಣಿಗೆ ಕಾಣದಂತೆ ಕರಗಿರುತ್ತದೆ. ಗಾಳಿ ತಾಗಿದ ಮೇಲೆ ಅದು ತುಕ್ಕಾಗಿ ಬಟ್ಟೆಯಲ್ಲಿ ಕೂರುತ್ತದೆ. ಅದನ್ನು ತೆಗೆಯಲೆಂದು ಬ್ಲೀಚಿಂಗ್ ಪುಡಿ ಹಾಕಿದರೆ ಕಲೆ ಮತ್ತಷ್ಟು ಗಟ್ಟಿಯಾಗುವುದೇ ಹೊರತು ಹೋಗುವುದಿಲ್ಲ. ನಿಂಬೆಹುಳಿಯಂತಹ ಆಮ್ಲವೇ ಅದಕ್ಕೆ ಮದ್ದು. 1944ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಆರಂಭವಾಗಿ ಇಂದು ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯೆನಿಸಿರುವ ದೊಡ್ಡ ಪ್ರಯೋಗಾಲಯದ ನೆರೆಯಲ್ಲಿಯೇ ಕುಳಿತು ನಾವು ತುಕ್ಕಿನ ಕಲೆಗೆ ಬ್ಲೀಚಿಂಗ್ ಪುಡಿ ಸುರಿದವರು!

ಹೋಟೆಲಿನವರಿಗೆ ಇದಕ್ಕಿಂತ ಘೋರವಾದುದು ಎಣ್ಣೆಯ ಕಲೆ. ಒಗೆತದಲ್ಲಿ ಪೂರ್ತಿ ಹೋಗದೆ ಉಳಿದ ಅಡಿಗೆಯ ಎಣ್ಣೆ ಡ್ರೈಯರಿನ ಬಿಸಿಗೆ ಹಳದಿಗಟ್ಟಿ ನೂಲಿಗೆ ಅಂಟಿಕೊಳ್ಳುತ್ತದೆ. ಕಲೆಯಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅಂತಹ ವಸ್ತ್ರಗಳನ್ನು ಬಿಸಿಬಿಸಿಯಾಗಿಯೇ ರಾಶಿ ಹಾಕಿಟ್ಟರೆ ಒಳಗೊಳಗೇ ಕಾವು ಏರಿ, ಯಾರೂ ಕಡ್ಡಿ ಗೀರದೆ ಬೆಂಕಿ ಹೊತ್ತಿಕೊಳ್ಳುವುದುಂಟು. ಬಟ್ಟೆಯ ಮೂಟೆಯ ಪಕ್ಕದಲ್ಲಿಯೇ ಹುಡುಗರು ರಾತ್ರಿ ಮಲಗುವ ಹೋಟೆಲುಗಳನ್ನು ನಾವು ಬಲ್ಲೆವು. ಎಣ್ಣೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ವಾಸನೆ ಹೋಗುವವರೆಗೆ ಒಗೆಸಬೇಕು. ಯಂತ್ರವು ಕೊನೆಯಲ್ಲಿ ತಣ್ಣನೆಯ ಗಾಳಿ ಬಿಡುವ ಹತ್ತು ನಿಮಿಷವನ್ನು ಅವಸರದಿಂದ ತಪ್ಪಿಸಬಾರದು. ನೂಲುಧೂಳಿನ ಜರಡಿಯನ್ನು ಪ್ರತಿ ಸಲವೂ ಬಳಿದು ತೆಗೆಯಿಸಬೇಕು. ಇದಕ್ಕೆ ಸಮಯವಿಲ್ಲವೆನ್ನುವ ಮಾಲೀಕರಿಗೆ ಯಂತ್ರವೇ ಬೇಡ, ಹಗ್ಗವೇ ಸಾಕು.

ಇನ್ನು ದಂಡದ ಮಾತು. ಆಳಿಗೆ ತನ್ನ ಸಮಾಧಾನವನ್ನು ಹೇಳಿಕೊಳ್ಳಲು ಅವಕಾಶ ಕೊಡದೆ, ನಷ್ಟದ ಹೆಸರಿನಲ್ಲಿ ಸಂಬಳ ಮುರಿಯಕೂಡದೆಂದು 1936ರ ವೇತನ ಪಾವತಿ ಕಾಯಿದೆಯೇ ವಿಧಿಸಿತ್ತು. 2019ರ ವೇತನ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆ ನಷ್ಟವು ಅವನ ಅಲಕ್ಷ್ಯದಿಂದಲೇ ಆಗಿರಬೇಕೆಂಬುದೂ ಅದರಲ್ಲಿದೆ. ನಮಗೆ ಕಾನೂನು ತಿಳಿದಿರಲಿಲ್ಲವೆಂದರೆ ನೆಪವಾದೀತು. ತಿಳಿಯದ ಊರಿಗೆ ಹೊಟ್ಟೆಪಾಡಿಗಾಗಿ ಬಂದವನು ಎದುರು ಮಾತನಾಡಲಾರನೆಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು, ಏಕೆಂದರೆ ನಾವೂ ಹಾಗೆಯೇ ಬಂದವರು. ಕಲೆ ಬಿದ್ದಾಗ ಮೊದಲು ಆಳನ್ನು ಕರೆಯದೆ ಫಿಟ್ಟರನ್ನು ಕರೆಯಿರೆಂದು ನಮ್ಮ ಹೋಟೆಲು ಮಾಲೀಕ ಬಂಧುಗಳಲ್ಲಿ ವಿನಂತಿಸುತ್ತೇವೆ. ಫೆಲ್ಟಿನ ಪಟ್ಟಿಗೆ ನಾವು ತೆತ್ತ ಹಣವು ಹುಡುಗನಿಂದ ಮುರಿದುಕೊಂಡುದಕ್ಕಿಂತ ಕಡಿಮೆಯೇ ಆಯಿತು.

ಯಂತ್ರ ಸರಿಯಾದ ದಿನ ಸಂಜೆ ಅವನನ್ನು ಗಲ್ಲಾದ ಬಳಿಗೆ ಕರೆದು ಮುರಿದ ಹಣವನ್ನು ಹಿಂದಕ್ಕೆ ಕೊಟ್ಟೆವು. ಅವನು ಎರಡು ಸಲ ಎಣಿಸಿದನು. ಮೊದಲನೆಯ ತಿಂಗಳಿನದರಲ್ಲಿ ನಲವತ್ತು ರೂಪಾಯಿ ಕಡಿಮೆಯಿದೆಯೆಂದು ತಲೆ ತಗ್ಗಿಸಿಕೊಂಡೇ ಹೇಳಿದನು. ಲೆಕ್ಕದ ಪುಸ್ತಕ ತೆಗೆದು ನೋಡಿದೆವು, ಕಡಿಮೆಯೇ ಇತ್ತು.