ಬಾಳೆ ಸತ್ತಿಲ್ಲ, ಕುಡುಗೋಲು ಕೆಳಗಿಡ್ರಿ

ಎಳ್ಳ ಅಮಾಸಿ ಹೊತ್ತಿಗೆ ನಮ್ಮ ಸಾರವಾಡದ ಕಡೆ ಬಂದು ನೋಡಬೇಕು ನೀವು. ಡೋಣಿ ಸಾಲಿನ ಎರೆಹೊಲದಲ್ಲಿ ಬಿಳಿಜೋಳ, ಕಡಲೆ ಇಬ್ಬನಿ ಕುಡಿದು ಗುಂಗಾಗಿ ನಿಂತಿರುತ್ತವೆ. ಪಕ್ಕದಲ್ಲೇ ಬಾಳೆ ಹಚ್ಚಿದವನ ಮುಖ ನೋಡಲಾಗುವುದಿಲ್ಲ. ಎಲೆಯಂಚು ಸುಟ್ಟಂತಾಗಿ, ಸುಳಿ ಬಿಚ್ಚದೆ ನಿಂತು, ಗಿಡವೆಲ್ಲ ಹಳದಿ. ಅದೇ ಚಳಿ... ಒಬ್ಬನಿಗೆ ಹಬ್ಬ, ಇನ್ನೊಬ್ಬನಿಗೆ ಸಾಲ!

ವಿಜಯಪುರದಲ್ಲಿ ಚಳೀನಾ ಅಂತ ಬೆಂಗಳೂರಿನ ಗೆಳೆಯರು ನಗುತ್ತಾರೆ. ನಗಲಿ ಬಿಡಿ. ಬಯಲುಸೀಮೆ, ಮೋಡವಿಲ್ಲದ ರಾತ್ರಿ. ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ಕೆಲವು ವರ್ಷ ನಸುಕಿನ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬಾಳೆಗೆ ಸುಮಾರು 16 ಡಿಗ್ರಿಗೇ ಹೊಸ ಎಲೆ ಬಿಡುವ ಉಮೇದು ಹೋಗಿರುತ್ತದೆ.

ನನ್ನ ತಕರಾರು ಚಳಿಯ ಮೇಲಲ್ಲ, ಚಳಿ ಬಿದ್ದ ಮರುವಾರ ನಾವು ಮಾಡುವ ಗಡಿಬಿಡಿಯ ಮೇಲೆ. ಒಣಗಿದ ಎಲೆಯನ್ನೆಲ್ಲ ಸವರುವುದು, ಹಳದಿ ಕಂಡಿತೆಂದು ಯೂರಿಯಾ ಸುರಿಯುವುದು, ಗೊಬ್ಬರದಂಗಡಿಯವರು ಕೊಟ್ಟ ಟಾನಿಕ್ ಬಾಟಲಿ ಸಿಂಪಡಿಸುವುದು. ಗಿಡ ಹಳದಿಯಾಗಿದ್ದು ಗೊಬ್ಬರ ಕಡಿಮೆಯಾಗಿ ಅಲ್ಲರೀ! ನೆಲ ತಣ್ಣಗಾಗಿ ಬೇರು ಊಟ ಬಿಟ್ಟಿದೆ. ಜ್ವರ ಬಂದವನ ಮುಂದೆ ಹೋಳಿಗೆ ಇಟ್ಟರೆ ತಿಂದಾನೆಯೇ? ಮೇಲಾಗಿ ಎರೆಮಣ್ಣಿನಲ್ಲಿ ನೀರು ಕಟ್ಟಿದರೆ ಇದ್ದ ಬೇರೂ ಕೊಳೆಯುತ್ತದೆ.

ಎಲೆ ಸವರುವುದು ಇನ್ನೂ ಕೆಟ್ಟದ್ದು. ಅರ್ಧ ಸುಟ್ಟ ಎಲೆಯ ಉಳಿದರ್ಧ ಹಸಿರು ಇನ್ನೂ ದುಡಿಯುತ್ತಿರುತ್ತದೆ. ಜೋತುಬಿದ್ದ ಒಣ ಎಲೆ ದಿಂಡಿಗೆ ಕಂಬಳಿ. ಕೊಳೆತದ್ದು, ಚುಕ್ಕೆರೋಗದ್ದು ತೆಗೆಯಿರಿ, ಉಳಿದದ್ದು ಶಿವರಾತ್ರಿವರೆಗೆ ಇರಲಿ. ಅಷ್ಟರಲ್ಲಿ ಚಳಿ ಶಿವ ಶಿವ ಅಂತ ಹೋಗುತ್ತದೆ. ಬುಡಕ್ಕೆ ಕಬ್ಬಿನ ರವದಿ ಇಲ್ಲವೇ ಜೋಳದ ಕಣಕಿ ಹಾಸಿ. ಬೋರಿನ ನೀರು ರಾತ್ರಿಯ ಗಾಳಿಗಿಂತ ಬೆಚ್ಚಗಿರುತ್ತದೆ, ಅದನ್ನು ಸಂಜೆ ಮುಂದೆ ತುಸುವೇ ಬಿಡಿ. ನಮಗಿಂತ ಮೊದಲಿಂದ ಈ ಕಷ್ಟ ಉಂಡ ಮಹಾರಾಷ್ಟ್ರದ ಜಳಗಾಂವದವರು ತೋಟದ ಸುತ್ತ ಗಾಳಿ ತಡೆಯಲು ಶೇವರಿ ಹಚ್ಚುತ್ತಾರೆ. ರಾತ್ರಿ ಬೆಚ್ಚಗಾಗಿ ಹೊಸ ಸುಳಿ ಬಿಚ್ಚಿದ ಮೇಲೆ ಗೊಬ್ಬರ, ಪೊಟ್ಯಾಷ್ ಕೊಡಿ. ಆಗ ತಿನ್ನುತ್ತದೆ.

ಗಿಡ ಸತ್ತಿದೆಯೋ ಬದುಕಿದೆಯೋ? ಹೂ ಕಟ್ಟದ ಬಾಳೆಯ ಜೀವ ಎಲೆಯಲ್ಲಿಲ್ಲ, ದಿಂಡಿನಲ್ಲೂ ಇಲ್ಲ, ನೆಲಮಟ್ಟದ ಗಡ್ಡೆಯಲ್ಲಿದೆ. ಅನುಮಾನವಿದ್ದರೆ ಒಂದು ಗಿಡದ ದಿಂಡನ್ನು ಮೇಲಿಂದ ಗೇಣುಗೇಣಾಗಿ ಕೊಯ್ದು ನೋಡಿ. ಒಳಗೆ ಬಿಳಿ ಸಿಕ್ಕು, ಮರುದಿನ ನಡುವಿನ ಸುಳಿ ಬೆರಳಷ್ಟು ಮೇಲೆದ್ದಿದ್ದರೆ ಬದುಕಿದೆ. ಪರೀಕ್ಷೆಗೆ ಒಂದೇ ಗಿಡ ಸಾಕು, ಹೊಲವನ್ನೆಲ್ಲ ಕೊಯ್ಯಬೇಡಿ ಮತ್ತೆ :)

ಆದರೆ ಒಳಗೆ ಹೂ ಕಟ್ಟಿದ ಮೇಲೆ ಚಳಿ ಸಿಕ್ಕಿದ ಗಿಡದ ಮಾತು ಬೇರೆ. ಗೊನೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಒಮ್ಮೊಮ್ಮೆ ದಿಂಡು ಸೀಳಿ ಪಕ್ಕದಿಂದ ಬರುತ್ತದೆ. ಅದಕ್ಕೆ ಯಾವ ಬಾಟಲಿಯಲ್ಲೂ ಔಷಧವಿಲ್ಲ. ಬಂದ ಕಾಯಿಯೂ ಚಳಿಗೆ ಸಿಕ್ಕರೆ ಸಿಪ್ಪೆ ಮಂಕಾಗಿ, ವ್ಯಾಪಾರಿ ರೇಟು ಇಳಿಸುತ್ತಾನೆ. ಅಂಥ ತಾಯಿಗಿಡವನ್ನು ಎದೆ ಗಟ್ಟಿ ಮಾಡಿಕೊಂಡು ಕಡಿದು, ಗಟ್ಟಿಮುಟ್ಟಾದ ಒಂದೇ ಮರಿ ಉಳಿಸುವುದು ಲೇಸು. ನಾವು ಮಾಡುವುದು ಉಲ್ಟಾ. ಉಳಿಯುವ ಎಳೆಗಿಡ ಕಿತ್ತೆಸೆದು, ಉಳಿಯದ ಗೊನೆಗೆ ದುಡ್ಡು ಸುರಿಯುತ್ತೇವೆ.

ಇನ್ನು ನಾಟಿಯ ಲೆಕ್ಕ. ಜಿ-9 ಸಸಿ ಹಚ್ಚಿದ ಏಳು ತಿಂಗಳ ಆಸುಪಾಸಿಗೆ ಹೂ ಹಾಕುತ್ತದೆ. ಮಳೆ ನೋಡಿ ಜೂನಿನಲ್ಲಿ ಹಚ್ಚಿದರೆ ಹೂ ಸರಿಯಾಗಿ ಚಳಿಯ ಬಾಯಿಗೇ. ಫೆಬ್ರವರಿಗೆ ಹಚ್ಚಿದರೆ ಹೂ ಚಳಿಗೆ ಮೊದಲೇ ಹೊರಬೀಳುತ್ತದೆ, ಆದರೆ ಎಳೆಸಸಿಗೆ ನಮ್ಮ ಏಪ್ರಿಲ್-ಮೇ ಬಿಸಿಲು, ಬತ್ತುವ ಬೋರು. ನೀರು ಗಟ್ಟಿ ಇದ್ದವರಿಗೆ ನಾನು ಫೆಬ್ರವರಿಯೇ ವಾಸಿ ಅನ್ನುತ್ತೇನೆ. ನೀರಿಲ್ಲದವರು ಬಾಳೆಯ ಆಸೆ ಬಿಟ್ಟು ಜೋಳ ಬಿತ್ತಲಿ ಅನ್ನುವುದು ನನ್ನ ಮತ. ಬಾಗಲಕೋಟೆ, ಬೆಳಗಾವಿ ಕಡೆಯ ಗೆಳೆಯರೇ, ನಿಮ್ಮಲ್ಲಿ ಯಾವ ತಿಂಗಳು ಹಚ್ಚುತ್ತಾರೆ?